ಬಿದಿರಿಗೆ ಪಾಸ್ ಬೇಕು, ಹುಡುಗಿಗೆ ಬೇಡ

ನಮ್ಮ ತಾಳವಾಡಿ ಕಡೆ ಮದುವೆಗಳ ಸರಿಯಾದ ಲೆಕ್ಕ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಿಗುವುದಿಲ್ಲ. ಚಪ್ಪರ ಹಾಕುವವನ ಅಂಗಿ ಜೇಬಿನಲ್ಲಿ ಸಿಗುತ್ತದೆ.

ಊರ ಚಪ್ಪರದಣ್ಣನ ಹತ್ತಿರ ಉದ್ದನೆಯದೊಂದು ನೋಟ್‌ಬುಕ್ ಇದೆ. ಕೈ ಜಿಡ್ಡು ತಾಗಿ ರಟ್ಟು ಕಪ್ಪಾಗಿದೆ. ಒಂದು ಮದುವೆಗೆ ಒಂದು ಸಾಲು. ಊರು, ತಾರೀಖು, ಬೊಂಬು 32, ಸೋಗೆ 60, ಅಡ್ವಾನ್ಸ್ 500. ಕೊನೆಯಲ್ಲಿ ವಾಪಸ್ ಬಂದ ಬೊಂಬು ಎಷ್ಟು ಅಂತ. ಗಂಡು ಹೆಣ್ಣಿನ ಹೆಸರಿಲ್ಲ. ವಯಸ್ಸಂತೂ ಇಲ್ಲವೇ ಇಲ್ಲ. ಆದರೂ ಸರ್ಕಾರದ ಬಳಿ ಒಂದು ಚೂರು ಕಾಗದವೂ ಇಲ್ಲದ ಮದುವೆಗಳು ಈ ಪುಸ್ತಕದಲ್ಲಿ ಇರುತ್ತವೆ. ಲಗ್ನಪತ್ರಿಕೆ ಅಚ್ಚು ಹಾಕಿಸದ ಮದುವೆಗೂ ಚಪ್ಪರ ಬೇಕಲ್ವಾ.

ತಾಳವಾಡಿ ಎಲ್ಲಿದೆ ಅಂತ ಹೇಳಿಬಿಡುತ್ತೇನೆ. ಸತ್ಯಮಂಗಲದ ಕಾಡು ದಾಟಿ, ದಿಂಬಂ ಘಾಟಿಯ 27 ತಿರುವು ಹತ್ತಿದ ಮೇಲೆ ಸಿಗುವ ತಮಿಳುನಾಡಿನ ಮೂಲೆ ಇದು. ಈರೋಡ್ ಜಿಲ್ಲೆ. ಮನೆಮಾತು ಕನ್ನಡ. 2000ದ ಜುಲೈನಲ್ಲಿ ಡಾ. ರಾಜ್‌ಕುಮಾರ್ ಅವರ ಅಪಹರಣವಾದ ದೊಡ್ಡಗಾಜನೂರು ಇಲ್ಲಿಯದೇ ಅಂದರೆ ಕರ್ನಾಟಕದವರಿಗೆ ತಕ್ಷಣ ಗೊತ್ತಾಗುತ್ತದೆ. ಜಿಲ್ಲಾ ಕೇಂದ್ರ ಈರೋಡಿಗೆ ನೂರು ಕಿಲೋಮೀಟರಿಗೂ ಜಾಸ್ತಿ. ಚಾಮರಾಜನಗರ ಪೇಟೆಗೆ ಒಂದು ಗಂಟೆಯೂ ಬೇಡ. 1956ರಲ್ಲಿ ರಾಜ್ಯಗಳನ್ನು ವಿಂಗಡಿಸಿದಾಗ ಆಗಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಾವು ಇಲ್ಲೇ ಉಳಿದೆವು. ಗೆರೆ ಎಳೆದವರು ನೆಂಟಸ್ತಿಕೆ ಕೇಳಿ ಎಳೆಯಲಿಲ್ಲ. ಹಾಗಾಗಿ ಹೆಣ್ಣು ಕೊಡುವುದು, ತರುವುದು ಎಲ್ಲ ಇವತ್ತಿಗೂ ಗಡಿ ದಾಟಿಯೇ.

ಚಪ್ಪರದಣ್ಣನಿಗೆ ಕಾನೂನು ಅಂದರೆ ಮೊದಲು ನೆನಪಾಗುವುದು ಮದುವೆಯ ಕಾನೂನಲ್ಲ, ಬಿದಿರಿನ ಕಾನೂನು. ಗಾಡಿಯಲ್ಲಿ ಬೊಂಬು ತುಂಬಿಕೊಂಡು ಅರಣ್ಯ ಚೆಕ್‌ಪೋಸ್ಟ್ ಮುಂದೆ ನಿಂತರೆ ಮೊದಲ ಪ್ರಶ್ನೆ: ಪಾಸ್ ಎಲ್ಲಿ? ಎಲ್ಲಿ ಕಡಿದದ್ದು, ಯಾರ ಜಮೀನು, ಎಷ್ಟು ಗಳ?

ಈ ಬಿದಿರಿನ ಕಾನೂನೇ ಒಂದು ತಮಾಷೆ. ಬಿದಿರು ಹುಲ್ಲಿನ ಜಾತಿ. ಆದರೆ 1927ರ ಭಾರತೀಯ ಅರಣ್ಯ ಕಾಯ್ದೆ ಅದನ್ನು ಮರಗಳ ಸಾಲಿಗೆ ಸೇರಿಸಿತು. ತೊಂಬತ್ತು ವರ್ಷ ಬಿದಿರು ಕಾಗದದ ಮೇಲೆ ಮರವಾಗಿಯೇ ಇತ್ತು. 2017ರ ನವೆಂಬರ್‌ನಲ್ಲಿ ಸುಗ್ರೀವಾಜ್ಞೆ ತಂದು ಆ ಪದವನ್ನು ತೆಗೆದರು. ಕಾಡಿನ ಹೊರಗೆ ರೈತ ಬೆಳೆದ ಬಿದಿರಿಗೆ ಬಿಡುಗಡೆ ಸಿಗಲಿ ಅಂತ. ಕಾಡಿನೊಳಗಿನದು ಈಗಲೂ ಅರಣ್ಯ ಉತ್ಪನ್ನವೇ. ಅದರಲ್ಲೂ ಒಂದು ಕೊಂಕಿದೆ. ಆ 1927ರ ಕಾಯ್ದೆ ನಮ್ಮ ಕಡೆ ನಡೆಯುವುದೇ ಇಲ್ಲ. ತಮಿಳುನಾಡಿಗೆ 1882ರದು, ಕೇರಳಕ್ಕೆ 1961ರದು, ಕರ್ನಾಟಕಕ್ಕೆ 1963ರದು ಬೇರೆ ಬೇರೆ ಕಾಯ್ದೆಗಳಿವೆ. ದೆಹಲಿಯಲ್ಲಿ ಹುಲ್ಲಾದದ್ದು ಇಲ್ಲಿ ತಾನಾಗಿಯೇ ಹುಲ್ಲಾಗಲಿಲ್ಲ. 2023ರ ಡಿಸೆಂಬರ್ 29ಕ್ಕೆ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಒಂದೇ ಆನ್‌ಲೈನ್ ಪಾಸ್ ವ್ಯವಸ್ಥೆಗೆ ಚಾಲನೆ ಕೊಟ್ಟಿತು. ರಾಜ್ಯ ದಾಟುವ ಮರ, ಬಿದಿರು ಎಲ್ಲಕ್ಕೂ.

ಇಷ್ಟೆಲ್ಲ ಒಂದು ಬೊಂಬು ಗಡಿ ದಾಟುವುದಕ್ಕೆ. ಅದೇ ಚೆಕ್‌ಪೋಸ್ಟ್‌ನಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಹೂ ಮುಡಿದು, ಟೆಂಪೋದಲ್ಲಿ ಕೂತು ದಾಟಿದರೆ ಯಾರೂ ಏನೂ ಕೇಳುವುದಿಲ್ಲ. ಅಲ್ಲಿ ಕೇಳಬೇಕು ಅಂತ ನಾನು ಹೇಳುತ್ತಿಲ್ಲ. ಹೆಣ್ಣುಮಕ್ಕಳನ್ನು ರಸ್ತೆಯಲ್ಲಿ ನಿಲ್ಲಿಸಿ ವಯಸ್ಸು ಕೇಳುವ ಕಾಲ ಬರುವುದು ಬೇಡ. ಆದರೆ ಕೇಳಬೇಕಾದ ಜಾಗದಲ್ಲೂ ಯಾರೂ ಕೇಳುತ್ತಿಲ್ಲ.

ಗುಡ್ಲು, ಚಪ್ಪರ, ಕೋಣೆ

ನಮ್ಮ ಕಡೆ ಹುಡುಗಿಯೊಬ್ಬಳ ಬದುಕಿನಲ್ಲಿ ಹಸಿ ಬಿದಿರು ಮೂರು ಸಲ ಬರುತ್ತದೆ.

ಮೊದಲನೆಯದು ಮೈನೆರೆದಾಗ ಹಾಕುವ ಗುಡ್ಲು. ಸೋದರಮಾವ ಹಸಿ ಗಳ, ಸೊಪ್ಪು ತಂದು ಹಾಕಬೇಕು. ಹುಡುಗಿ ಅದರಲ್ಲಿ ಕೂರುತ್ತಾಳೆ, ಒಸಗೆ ನಡೆಯುತ್ತದೆ, ಊರಿಗೆಲ್ಲ ಊಟ. ಶಾಸ್ತ್ರವಾಗಿ ನೋಡಿದರೆ ಸೊಗಸಾದದ್ದೇ. ಆದರೆ ಊರಿಗೆ ಅದು ತಿಳಿಸುವ ಸುದ್ದಿ ಬೇರೆ. ಮನೆಯಲ್ಲಿ ಹೆಣ್ಣಿದೆ, ಕೇಳುವವರು ಕೇಳಬಹುದು. ಎಷ್ಟೋ ಮನೆಗಳಲ್ಲಿ ಗುಡ್ಲು ಹಾಕಿದ ಆ ಸೋದರಮಾವನೇ ಗಂಡು. ಹಿಂದೂ ವಿವಾಹ ಕಾಯ್ದೆ ಇಂಥ ಸಂಬಂಧವನ್ನು ರೂಢಿ ಇದ್ದರೆ ಒಪ್ಪುತ್ತದೆ. ವಯಸ್ಸಿನ ವಿಷಯದಲ್ಲಿ ಮಾತ್ರ ಯಾವ ರೂಢಿಯನ್ನೂ ಒಪ್ಪುವುದಿಲ್ಲ. ಈ ವ್ಯತ್ಯಾಸ ಊರಲ್ಲಿ ಯಾರಿಗೂ ಗೊತ್ತಿಲ್ಲ. ಸೋದರಮಾವನಿಗೆ ಕೊಡುವುದು ಹಕ್ಕು ಅಂದಮೇಲೆ ಯಾವಾಗ ಕೊಟ್ಟರೇನು ಅನ್ನುತ್ತಾರೆ.

ಎರಡನೆಯದು ಚಪ್ಪರ. ಮದುವೆಯ ಹಿಂದಿನ ದಿನ ಹಾಲುಗಂಬ ನೆಟ್ಟು, ಬೊಂಬು ನಿಲ್ಲಿಸಿ, ಸೋಗೆ ಹೊದಿಸಿ, ಮಾವಿನ ಸೊಪ್ಪು ಕಟ್ಟುತ್ತಾರೆ.

ಬೊಂಬಿನ ವಯಸ್ಸು ಹೇಗೆ ಗೊತ್ತಾಗುತ್ತೆ ಅಂತ ಒಮ್ಮೆ ಚಪ್ಪರದಣ್ಣನನ್ನು ಕೇಳಿದೆ. ಒಬ್ಬರ ಪಟ್ಟಾ ಜಮೀನಿನ ಬೇಲಿಯಲ್ಲಿದ್ದ ಮೆಳೆಯ ಮುಂದೆ ನಿಂತಿದ್ದೆವು. ಮಚ್ಚಿನ ಬೆನ್ನಿನಿಂದ ಒಂದು ಗಳಕ್ಕೆ ಬಡಿದ. ಮೆತ್ತಗೆ ಸದ್ದು ಬಂತು. ಗಿಣ್ಣಿನ ಹತ್ತಿರ ಇನ್ನೂ ಹಾಳೆ ಅಂಟಿಕೊಂಡಿತ್ತು, ಮೈಮೇಲೆ ಬಿಳಿ ಪುಡಿ. ಪಕ್ಕದ್ದಕ್ಕೆ ಬಡಿದ. ಟಣ್ ಅಂದಿತು. ಅದರ ಮೈ ಬೂದಿ ಬಣ್ಣಕ್ಕೆ ತಿರುಗಿ ಅಲ್ಲಲ್ಲಿ ಮಚ್ಚೆ ಕೂತಿತ್ತು. ಎರಡೂ ಒಂದೇ ಎತ್ತರ.

"ಇದು ಹೋದ ಮಳೆಗಾಲದ್ದು ಸಾ. ಎತ್ರ ನೋಡಿ ಮೋಸ ಹೋಗ್ಬಾರ್ದು. ಬಲ ಬಂದಿಲ್ಲ. ಕಡುದ್ರೆ ಆರೇ ತಿಂಗ್ಳು, ಕುಟ್ಟೆ ಹಿಡುದು ಪುಡಿ ಉದುರ್ತದೆ."

ಅವನು ಹೇಳಿದ್ದು ಪೂರ್ತಿ ಸರಿ. ಬಿದಿರಿನ ಮೊಳಕೆ, ಅಂದರೆ ನಾವು ಸಾರು ಮಾಡುವ ಕಳಲೆ, ಒಂದೇ ಮಳೆಗಾಲದಲ್ಲಿ ಎರಡು ಮೂರು ತಿಂಗಳಿಗೆ ಪೂರ್ತಿ ಎತ್ತರಕ್ಕೆ ಬಂದುಬಿಡುತ್ತದೆ. ಆಮೇಲೆ ಎತ್ತರವೂ ಇಲ್ಲ, ದಪ್ಪವೂ ಇಲ್ಲ. ಒಳಗಿನ ನಾರು ಗಟ್ಟಿಯಾಗಲು ಮಾತ್ರ ಮೂರು ನಾಲ್ಕು ವರ್ಷ ಬೇಕು. ಕುಟ್ಟೆ ಹುಳುವಿಗೆ ಬಿದಿರಿನ ಪಿಷ್ಟವೇ ಊಟ.

"ಸರಿ ಅಣ್ಣ, ಹೋದ ತಿಂಗಳು ಮೇಲಿನ ದೊಡ್ಡಿಯಲ್ಲಿ ಚಪ್ಪರ ಹಾಕಿದ್ರಲ್ಲ, ಆ ಹುಡುಗಿಗೆ ಎಷ್ಟು ವರ್ಷ?"

"ನಂಗೇನ್ ಗೊತ್ತು ಸಾ. ಗುಂಡಿ ತೋಡು ಅಂದ್ರು, ತೋಡ್ದೆ."

ಊರ ಹಿರಿಯರು ಹೇಳುವ ಗಾದೆ ನಿಮಗೂ ಗೊತ್ತು: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ. ಶಾಲೆಯಲ್ಲಿ ಇದನ್ನು ಮಕ್ಕಳಿಗೆ ಬುದ್ಧಿ ಹೇಳಲು ಬಳಸುತ್ತಾರೆ. ನಮ್ಮ ಕಡೆ ಸೊಸೆ ಹುಡುಕುವಾಗ ಬಳಸುತ್ತಾರೆ.

ಮೂರನೆಯದು ಕೋಣೆ. ಮದುವೆಯಾದ ಮೇಲೆ ಗಂಡಿನ ಮನೆಯ ಪಕ್ಕಕ್ಕೆ ಒಂದು ತಡಿಕೆ ಕೋಣೆ ಏಳುತ್ತದೆ. ನಾಲ್ಕು ಮೂಲೆಗೆ ಗಳ, ನಡುವೆ ಸೀಳಿದ ದಬ್ಬೆ ಹೆಣೆದು, ಎರಡೂ ಕಡೆ ಮಣ್ಣು ಮೆತ್ತಿ, ಮೇಲೆ ಶೀಟು. ಇಲ್ಲಿಯ ಕಾಡಿನ ಬುಡಕಟ್ಟಿನವರಾದ ಸೋಲಿಗರ ಹಳೆಯ ಮನೆಗಳ ಕಟ್ಟೋಣವೇ ಇದು. ಬೇಸಿಗೆಯಲ್ಲಿ ಶೀಟಿನ ಮನೆಗಿಂತ ಎಷ್ಟೋ ತಂಪು. ಜನಗಣತಿಯವರು ಬಂದರೆ ಬಿದಿರ ಗೋಡೆಯನ್ನು ಕಚ್ಚಾ ಅಂತ ಬರೆದುಕೊಂಡು ಹೋಗುತ್ತಾರೆ. ಅದೇ ಬಿದಿರಿಗೆ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಒಂದು ಇಡೀ ಭಾಗವೇ ಇದೆ. 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು ವಿಮಾನ ನಿಲ್ದಾಣದ ಟರ್ಮಿನಲ್ 2ರಲ್ಲಿ ತಲೆ ಎತ್ತಿದರೆ ಕಾಣುವುದೂ ಬಿದಿರೇ. ಸಂಸ್ಕರಿಸಿ, ಒತ್ತಿ, ಹದ ಮಾಡಿದ ಬಿದಿರು. ಅಲ್ಲಿ ಅದು ಶೋಕಿ, ಇಲ್ಲಿ ಬಡತನ.

ಒಂದೇ ವಸ್ತುವಿಗೆ ಒಂದು ಪುಸ್ತಕದಲ್ಲಿ ಒಂದು ಹೆಸರು, ಇನ್ನೊಂದು ಪುಸ್ತಕದಲ್ಲಿ ಇನ್ನೊಂದು. ಎಳೆಯ ಹುಡುಗಿಯ ಮದುವೆಗೂ ಕಾನೂನು ಮಾಡಿರುವುದು ಇದನ್ನೇ.

ಅಪರಾಧ ಹೌದು, ಮದುವೆಯೂ ಹೌದು

1929ರ ಶಾರದಾ ಕಾಯ್ದೆ ಹುಡುಗಿಗೆ 14 ವರ್ಷ ಅಂದಿತ್ತು. 1949ರಲ್ಲಿ ಅದು 15 ಆಯಿತು. 1978ರಲ್ಲಿ 18, ಗಂಡಿಗೆ 21. ಹುಡುಗಿಗೂ 21 ಮಾಡುವ ಮಸೂದೆ 2021ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂದು, ಸಮಿತಿಗೆ ಹೋಗಿ, 2024ರಲ್ಲಿ ಸಭೆಯ ಅವಧಿ ಮುಗಿದಾಗ ಬಿದ್ದುಹೋಯಿತು. ಈಗ ನಡೆಯುತ್ತಿರುವುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ. 2007ರ ನವೆಂಬರ್ 1ರಿಂದ ಜಾರಿಯಲ್ಲಿದೆ.

ನಿಷೇಧ ಅಂದಕೂಡಲೇ, 18 ತುಂಬದವಳ ಮದುವೆ ಮದುವೆಯೇ ಅಲ್ಲ ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಅದು ತಪ್ಪು. ಕಾಯ್ದೆಯ 3ನೇ ಕಲಂ ಪ್ರಕಾರ ಅದು ರದ್ದು ಮಾಡಿಸಿಕೊಳ್ಳಬಹುದಾದ ಮದುವೆ. ರದ್ದು ಮಾಡಿಸುವವರೆಗೆ ಮದುವೆಯೇ. ಯಾರು ಮಾಡಿಸಬಹುದು? ಮದುವೆಯ ಹೊತ್ತಿಗೆ ವಯಸ್ಸು ತುಂಬದೆ ಇದ್ದವರು ಮಾತ್ರ. ಎಲ್ಲಿಯವರೆಗೆ? ಪ್ರಾಯಕ್ಕೆ ಬಂದ ಎರಡು ವರ್ಷದೊಳಗೆ. ಅಂದರೆ 15ಕ್ಕೆ ಮದುವೆಯಾದ ಹುಡುಗಿಗೆ 20 ತುಂಬುವವರೆಗೆ ಸಮಯ. ಅಷ್ಟರಲ್ಲಿ ಕಂಕುಳಲ್ಲಿ ಒಂದು ಕೂಸು, ಹೊಟ್ಟೆಯಲ್ಲಿ ಇನ್ನೊಂದು. ಜಿಲ್ಲಾ ಕೋರ್ಟು ದಿಂಬಂ ಘಾಟಿಯ ಕೆಳಗೆ. 20 ದಾಟಿತೋ, ಆ ಬಾಗಿಲು ಮುಚ್ಚಿತು.

ಮದುವೆ ಮಾಡಿದವರಿಗೆ, ಮಾಡಿಸಿದವರಿಗೆ, ಮಾಡಿಕೊಂಡ ವಯಸ್ಕ ಗಂಡಿಗೆ 2 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ. ಅಪರಾಧಕ್ಕೆ ಶಿಕ್ಷೆ ಇದೆ, ಆ ಅಪರಾಧದಿಂದ ಹುಟ್ಟಿದ್ದು ಮಾತ್ರ ಹಾಗೇ ನಿಲ್ಲುತ್ತದೆ. ಹುಡುಗಿಯನ್ನು ಮೋಸದಿಂದ, ಬಲವಂತದಿಂದ ಕರೆದೊಯ್ದಿದ್ದರೆ ಅಥವಾ ಮಾರಿದ್ದರೆ, ಅಥವಾ ಮ್ಯಾಜಿಸ್ಟ್ರೇಟ್ ತಡೆಯಾಜ್ಞೆ ಕೊಟ್ಟ ಮೇಲೂ ಧಾರೆ ಎರೆದಿದ್ದರೆ, ಆಗ ಮಾತ್ರ ಅದು ಮೊದಲಿನಿಂದಲೇ ಅಸಿಂಧು, ಅಂದರೆ ಮದುವೆಯೇ ಆಗಿಲ್ಲದ ಹಾಗೆ.

ಈಗ ಗಡಿ ದಾಟಿ. ಕರ್ನಾಟಕ 2016ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ತಂದಿತು, 2017ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅಲ್ಲಿಂದ ಮುಂದೆ ಕರ್ನಾಟಕದಲ್ಲಿ ನಡೆಯುವ ಪ್ರತಿಯೊಂದು ಬಾಲ್ಯವಿವಾಹವೂ ಆ ಕ್ಷಣದಿಂದಲೇ ಅಸಿಂಧು. ಹುಡುಗಿ ಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕಾಗಿಲ್ಲ. ಒಂದೇ ರಸ್ತೆ, ಒಂದೇ ಭಾಷೆ, ಒಂದೇ ಜಾತಿ, ಒಂದೇ ಪುರೋಹಿತರು. ಈ ಕಡೆಯ ಊರಲ್ಲಿ ತಾಳಿ ಕಟ್ಟಿದರೆ ಹೆಂಡತಿ, ಆ ಕಡೆಯ ಗುಡಿಯಲ್ಲಿ ಕಟ್ಟಿದರೆ ಅಲ್ಲ.

ತಮಾಷೆ ಏನೆಂದರೆ, ಇಲ್ಲಿ ಯಾರಾದರೂ ಫೋನ್ ಮಾಡಿಬಿಟ್ಟರೆ ಅಂತ ಹೆದರಿ, ಆ ಕಡೆಯ ಸಣ್ಣ ಗುಡಿಗೆ ಹೋಗಿ ತಾಳಿ ಕಟ್ಟಿಸುವವರೇ ಜಾಸ್ತಿ. ತಪ್ಪಿಸಿಕೊಳ್ಳಲು ಓಡಿದ್ದು ಕಾನೂನು ಇನ್ನೂ ಬಿಗಿಯಾಗಿರುವ ಕಡೆಗೆ! ರಾಜ್ಯದ ತಿದ್ದುಪಡಿ ರಾಜ್ಯದ ಗಡಿಯೊಳಗೇ ನಿಲ್ಲುವುದರಿಂದ, ಮುಂದೆ ಜಗಳ ಕೋರ್ಟಿಗೆ ಬಂದರೆ ಮೊದಲ ವಾದ ಧಾರೆ ಎಲ್ಲಾಯಿತು ಅನ್ನುವುದರ ಮೇಲೆ. ಪತ್ರಿಕೆ ಇಲ್ಲ, ಛತ್ರದ ರಸೀದಿ ಇಲ್ಲ, ಫೋಟೋ ಅಳಿಸಿದ್ದಾರೆ. ನೆನಪಿಟ್ಟುಕೊಂಡಿರುವವನು ಬೊಂಬು ಎಲ್ಲಿಗೆ ಸಾಗಿಸಿದೆ ಅಂತ ಬರೆದುಕೊಂಡವನೊಬ್ಬನೇ.

ಹಾಗಾದರೆ ಕರ್ನಾಟಕದ ದಾರಿಯೇ ಸರಿಯಾ? ನನಗೆ ಅರ್ಧ ಮಾತ್ರ ಹೌದು ಅನ್ನಿಸುತ್ತದೆ. ಹುಡುಗಿಯ ಹೆಗಲಿನಿಂದ ಕೋರ್ಟಿನ ಹೊರೆ ಇಳಿಯಿತು, ಅದು ದೊಡ್ಡದು. ಆದರೆ ಕಾಯ್ದೆಯ 4ನೇ ಕಲಂನ ಜೀವನಾಂಶ, 6ನೇ ಕಲಂನಲ್ಲಿ ಮಕ್ಕಳಿಗೆ ಸಿಗುವ ರಕ್ಷಣೆ, ಇವೆಲ್ಲ 3ನೇ ಕಲಂ ಪ್ರಕಾರ ಕೋರ್ಟು ಮದುವೆ ರದ್ದು ಮಾಡಿದಾಗಿನ ಮಾತು. ಮದುವೆಯೇ ಆಗಿಲ್ಲ ಅಂದಮೇಲೆ ಯಾವುದನ್ನು ರದ್ದು ಮಾಡುವುದು? ಎರಡು ಮಕ್ಕಳಾದ ಮೇಲೆ ಗಂಡ ಕೈಬಿಟ್ಟರೆ, ಅವನ ವಕೀಲರು ಎದ್ದು ನಿಂತು ಇವಳು ಹೆಂಡತಿಯೇ ಅಲ್ಲ ಅನ್ನಬಹುದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಮದುವೆಯಂಥ ಸಂಬಂಧಕ್ಕೂ ಜಾಗ ಇದೆ, ಆ ದಾರಿ ಹಿಡಿಯಬಹುದು. ಆದರೆ ಅಸಿಂಧು ಅಂತ ಬರೆದ ಕೈ ಜೀವನಾಂಶದ ಮಾತನ್ನೂ ಅಲ್ಲೇ ಬಿಡಿಸಿ ಬರೆಯಬೇಕಿತ್ತು.

ಇನ್ನೊಂದು ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 20ರಿಂದ 24 ವರ್ಷದ ಹೆಣ್ಣುಮಕ್ಕಳ ಪೈಕಿ 18 ತುಂಬುವ ಮೊದಲೇ ಮದುವೆಯಾದವರು ದೇಶದಲ್ಲಿ ಶೇ 23.3. ಕರ್ನಾಟಕದಲ್ಲಿ ಶೇ 21.3. ತಮಿಳುನಾಡಿನಲ್ಲಿ ಶೇ 12.8. ನಮ್ಮ ಕಾಸರಗೋಡಿನವರಿರುವ ಕೇರಳದಲ್ಲಿ ಶೇ 6.3. ಕಾನೂನು ಬಿಗಿಯಾಗಿರುವ ರಾಜ್ಯದಲ್ಲಿ ಬಾಲ್ಯವಿವಾಹ ಜಾಸ್ತಿ, ಸಡಿಲವಾಗಿರುವ ಕಡೆ ಕಡಿಮೆ! ಬಿಗಿ ಮಾಡಿದ್ದರಿಂದ ಜಾಸ್ತಿಯಾಯಿತು ಅಂತಲ್ಲ, ಜಾಸ್ತಿ ಇದ್ದದ್ದಕ್ಕೇ ಬಿಗಿ ಮಾಡಬೇಕಾಯಿತು. ಆದರೂ ಹುಡುಗಿಯನ್ನು ಮನೆಯಲ್ಲಿ ಉಳಿಸುವುದು ಕಲಂ ನಂಬರ್ ಅಲ್ಲ, ಹೈಸ್ಕೂಲು, ಹಾಸ್ಟೆಲು, ಬಸ್ಸು. ತಮಿಳುನಾಡು ಮದುವೆಗೆ ದುಡ್ಡು, ತಾಳಿಗೆ ಚಿನ್ನ ಕೊಡುತ್ತಿದ್ದ ಹಳೆಯ ಯೋಜನೆಯನ್ನು 2022ರಲ್ಲಿ ಬದಲಿಸಿ, ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹುಡುಗಿಯರಿಗೆ ತಿಂಗಳಿಗೆ 1,000 ರೂಪಾಯಿ ಕೊಡಲು ಶುರು ಮಾಡಿತು. ದುಡ್ಡು ತಾಳಿಯಿಂದ ಕಾಲೇಜಿಗೆ ಹೋಯಿತು. ಸರಾಸರಿ ಅಂಕಿ ನಮ್ಮಂಥ ಬೆಟ್ಟದ ಊರುಗಳನ್ನು ಮುಚ್ಚಿಹಾಕುತ್ತದೆ ಅನ್ನುವುದೂ ನಿಜ.

ರಿಜಿಸ್ಟರ್ ಮಾಡಿಸಿದರೆ ಎಲ್ಲ ಸರಿಯಾಗುತ್ತಾ?

ಎಲ್ಲ ಮದುವೆಗಳನ್ನೂ ಕಡ್ಡಾಯವಾಗಿ ನೋಂದಾಯಿಸಬೇಕು ಅಂತ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ತಮಿಳುನಾಡು 2009ರಲ್ಲಿ ಅದಕ್ಕೆ ಕಾಯ್ದೆಯನ್ನೇ ಮಾಡಿತು. ಮದುವೆಯಾದ 90 ದಿನದೊಳಗೆ ಮಾಡಿಸಬೇಕು, ತಪ್ಪಿದರೆ ಹೆಚ್ಚಿನ ಶುಲ್ಕ ಕಟ್ಟಿ ಇನ್ನೂ 60 ದಿನ. ಅರ್ಜಿಯ ಜೊತೆ ವಯಸ್ಸಿನ ದಾಖಲೆ ಬೇಕು. 18 ಆಗದವರು ಏನು ಮಾಡುತ್ತಾರೆ? ಸುಮ್ನೆ ಹೋಗುವುದಿಲ್ಲ, ಅಷ್ಟೇ. ಹೋಗದಿದ್ದರೆ ಮದುವೆಗೆ ಧಕ್ಕೆಯೂ ಇಲ್ಲ. ನೋಂದಣಿ ಆಗದಿದ್ದರೂ ಮದುವೆ ಮದುವೆಯೇ ಅಂತ ಹಿಂದೂ ವಿವಾಹ ಕಾಯ್ದೆಯ 8ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಹುಡುಗಿಗೆ 18 ತುಂಬಿದ ಮೇಲೆ, ರೇಷನ್ ಕಾರ್ಡಿಗೋ ಇನ್ನೊಂದಕ್ಕೋ ಬೇಕಾದಾಗ, ಹೊಸ ತಾರೀಖು ಹೇಳಿ ಮಾಡಿಸಿಕೊಳ್ಳುತ್ತಾರೆ. ಮಗು ಕಂಕುಳಲ್ಲಿ ಇರುತ್ತದೆ, ಮದುವೆ ಹೋದ ವಾರ ಆಗಿರುತ್ತದೆ. ಹೀಗಾಗಿ ಸರ್ಕಾರದ ಪುಸ್ತಕ ತೆಗೆದು ನೋಡಿದರೆ ನಮ್ಮ ಕಡೆ ಬಾಲ್ಯವಿವಾಹ ಅನ್ನುವುದೇ ಇಲ್ಲ.

ರಾಜಸ್ಥಾನ 2021ರ ಸೆಪ್ಟೆಂಬರ್‌ನಲ್ಲಿ ಬೇರೆ ಪ್ರಯತ್ನ ಮಾಡಿತು. ವಯಸ್ಸು ತುಂಬದವರ ಮದುವೆಯನ್ನೂ ಅಪ್ಪ ಅಮ್ಮ ನೋಂದಾಯಿಸಬೇಕು ಅನ್ನುವ ಮಸೂದೆ. ಬಾಲ್ಯವಿವಾಹಕ್ಕೆ ಸೀಲು ಹಾಕಿಕೊಟ್ಟಂತೆ ಅಂತ ಗಲಾಟೆಯಾಗಿ ತಿಂಗಳೊಳಗೆ ವಾಪಸ್ ತೆಗೆದುಕೊಂಡಿತು. ಗಲಾಟೆ ಮಾಡಿದವರ ಸಿಟ್ಟು ಅರ್ಥವಾಗುತ್ತದೆ. ಆದರೆ ಕಾಗದವೇ ಇಲ್ಲದಿದ್ದಾಗ ನಷ್ಟ ಯಾರಿಗೆ ಅನ್ನುವ ಪ್ರಶ್ನೆಗೆ ಅವರಲ್ಲೂ ಉತ್ತರ ಇರಲಿಲ್ಲ. ಗಂಡ ಬಿಟ್ಟುಹೋದ ದಿನ, ಮದುವೆ ಆಗಿತ್ತು ಅಂತ ತೋರಿಸಬೇಕಾದವಳು ಅವಳೇ ಅಲ್ವಾ. ಸರ್ಟಿಫಿಕೇಟ್ ಕೊಡದೆ, ಆದದ್ದನ್ನು ಆದ ಹಾಗೆ ಬರೆದಿಡುವ ಬೇರೆಯೇ ಪುಸ್ತಕವೊಂದು ಇರಬೇಕು ಅನ್ನುವುದು ನನ್ನ ಅಭಿಪ್ರಾಯ.

ವಯಸ್ಸಿನ ದಾಖಲೆಯದ್ದೂ ಒಂದು ಕಥೆ. ಒಂದು ಮನೆಯ ಮೇಜಿನ ಮೇಲೆ ನಾನೇ ಎರಡು ಕಾಗದ ಅಕ್ಕಪಕ್ಕ ಇಟ್ಟು ನೋಡಿದ್ದೇನೆ. ಒಂದು ಶಾಲೆಯ ಟಿಸಿ. ಇನ್ನೊಂದು ಗಡಿಯಾಚೆ ಮಾಡಿಸಿದ ತಾಯಿ ಕಾರ್ಡ್. ಟಿಸಿ ಪ್ರಕಾರ ಹುಡುಗಿಗೆ 16. ತಾಯಿ ಕಾರ್ಡಿನ ಪ್ರಕಾರ 19. ಎರಡರಲ್ಲೂ ಹೆಸರು ಒಂದೇ, ಅಪ್ಪನ ಹೆಸರು ಒಂದೇ. ಆಧಾರ್‌ನಲ್ಲಿ ಹೀಗಿದೆ ಅಂದರು. ಆಧಾರ್ ಹುಟ್ಟಿದ ದಿನಾಂಕಕ್ಕೆ ಸಾಕ್ಷಿಯಲ್ಲ ಅಂತ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲೇ ಹೇಳಿದೆ. ಬಾಲನ್ಯಾಯ ಕಾಯ್ದೆಯ ಪ್ರಕಾರ ಮೊದಲ ಸಾಕ್ಷಿ ಶಾಲೆ ಕೊಡುವ ಹುಟ್ಟಿದ ದಿನಾಂಕದ ಪ್ರಮಾಣಪತ್ರ ಅಥವಾ ಹತ್ತನೇ ಕ್ಲಾಸಿನ ಪ್ರಮಾಣಪತ್ರ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮೂಳೆ ಪರೀಕ್ಷೆ. ಶಾಲೆ ಬಿಡಿಸಿದ ಮೇಲೂ ಹುಡುಗಿಯ ಪರವಾಗಿ ಉಳಿಯುವುದು ಶಾಲೆಯಲ್ಲಿ ಬರೆದಿಟ್ಟ ಆ ತಾರೀಖು.

ಮೂರು ವರ್ಷ ಜಾಸ್ತಿ ಬರೆಸಿದ್ದು ಯಾಕೆ? ಪೋಕ್ಸೋ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆಯ ಭಯ. 2017ರ ಅಕ್ಟೋಬರ್ 11ರಂದು ಸುಪ್ರೀಂ ಕೋರ್ಟ್, 18ರೊಳಗಿನ ಹೆಂಡತಿಯ ಜೊತೆಗಿನ ಲೈಂಗಿಕ ಸಂಬಂಧ ಅತ್ಯಾಚಾರ ಅಂತ ತೀರ್ಪು ಕೊಟ್ಟಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ನೇರವಾಗಿಯೇ ಬರೆದಿದೆ. ಹದಿನಾರರ ಬಸುರಿ ಆಸ್ಪತ್ರೆಗೆ ಬಂದರೆ ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು. ನಮ್ಮ ಕಡೆ ಹೆಚ್ಚಿನ ಬಾಲ್ಯವಿವಾಹಗಳು ಬಯಲಾಗುವುದು ಮಂಟಪದಲ್ಲಿ ಅಲ್ಲ, ಹೆರಿಗೆ ವಾರ್ಡಿನಲ್ಲಿ. ಈ ಕಾನೂನು ತಪ್ಪು ಅನ್ನಲಾರೆ. ಆದರೆ ಭಯಕ್ಕೆ ಏಳನೇ ತಿಂಗಳವರೆಗೆ ಆಸ್ಪತ್ರೆ ಮೆಟ್ಟಿಲು ಹತ್ತದೆ ಇರುವವಳು ಆ ಹುಡುಗಿಯೇ. ಮೊದಲೇ ರಕ್ತ ಕಡಿಮೆ.

ನಮ್ಮ ಜಾತಿಗೆ, ನಮ್ಮ ಧರ್ಮಕ್ಕೆ ಇದು ಅನ್ವಯಿಸಲ್ಲ ಅನ್ನುವವರೂ ಇದ್ದಾರೆ. ಹಿಂದೂ ವಿವಾಹ ಕಾಯ್ದೆ ಪರಿಶಿಷ್ಟ ಪಂಗಡದವರಿಗೆ ತಾನಾಗಿ ಅನ್ವಯಿಸುವುದಿಲ್ಲ, ನಿಜ. ಆದರೆ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಸೋಲಿಗರಿಗೆ ಅಂತ ವಿನಾಯಿತಿ ಇಲ್ಲ. ಮುಸ್ಲಿಮರಿಗೂ ಇಲ್ಲ ಅಂತ ಕೇರಳ ಹೈಕೋರ್ಟ್ 2024ರ ಜುಲೈನಲ್ಲಿ ಹೇಳಿದೆ.

ಕಬ್ಬು ಕಡಿಯಲು ಹೋಗುವ ಮೊದಲು

ಮದುವೆ ಯಾಕೆ ಇಷ್ಟು ಬೇಗ ಅಂತ ಕೇಳಿದರೆ ಓದಿದವರು ಮೂಢನಂಬಿಕೆ ಅಂದುಬಿಡುತ್ತಾರೆ. ನಾನು ಕೇಳಿಸಿಕೊಂಡ ಉತ್ತರ ಬೇರೆ. ಬೆಟ್ಟದ ದೊಡ್ಡಿಗಳಿಂದ ಗಂಡ ಹೆಂಡತಿ ಇಬ್ಬರೂ ತಿಂಗಳುಗಟ್ಟಲೆ ಕಬ್ಬು ಕಡಿಯಲು ಕೆಳಗೆ ಹೋಗುತ್ತಾರೆ. ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗಬಹುದು. ಮೈನೆರೆದ ಹುಡುಗಿಯನ್ನು? ಗದ್ದೆ ಬದಿಯ ಗುಡಿಸಿಲಲ್ಲಿ ಮಲಗಿಸುವಂತಿಲ್ಲ, ಊರಲ್ಲಿ ಒಬ್ಬಳನ್ನೇ ಬಿಡುವಂತಿಲ್ಲ. "ಯಾರ್ದೋ ಕೈಗ್ ಕೊಟ್ಬುಟ್ರೆ ನಿದ್ದೆ ಆದ್ರೂ ಬತ್ತದೆ" ಅಂದ ತಾಯಿಯ ಮುಂದೆ 3ನೇ ಕಲಂ ಓದಲು ನನಗೆ ಬಾಯಿ ಬರಲಿಲ್ಲ.

ಇಲ್ಲಿ ಬಿದಿರು ಮತ್ತೆ ಬರುತ್ತದೆ. ಕಾಡಿನ ಪಕ್ಕದಲ್ಲೇ ಇರುವವರು ದುಡಿಮೆಗೆ ಕಾಡು ಬಿಟ್ಟು ಹೋಗಬೇಕಾಗಿ ಬಂದದ್ದು ಯಾಕೆ? 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನ ಅಂತಲೇ ಬರೆದಿದೆ. ಹಕ್ಕುಪತ್ರ ಸಿಕ್ಕ ಊರಿನವರು ಅದನ್ನು ಕಡಿಯಬಹುದು, ಮಾರಬಹುದು. ಮಹಾರಾಷ್ಟ್ರದ ಗಡಚಿರೋಲಿಯ ಮೇಂಢಾ ಲೇಖಾ ಗ್ರಾಮಸಭೆಗೆ 2011ರಲ್ಲಿ ಬಿದಿರಿನ ಪಾಸ್ ಕೊಡುವ ಅಧಿಕಾರವೇ ಸಿಕ್ಕಿತು. ಅದೇ ವರ್ಷ ನಮ್ಮ ಕಾಡಿಗೆ ಅಂಟಿಕೊಂಡೇ ಇರುವ ಬಿಳಿಗಿರಿರಂಗನ ಬೆಟ್ಟದಲ್ಲಿ, ಹುಲಿ ಸಂರಕ್ಷಿತ ಪ್ರದೇಶದೊಳಗೇ, ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಆ ಬೆಟ್ಟಕ್ಕೂ ಈ ಬೆಟ್ಟಕ್ಕೂ ನಡುವೆ ಆನೆಗೆ ಗಡಿ ಇಲ್ಲ, ಸೋಲಿಗರ ಹಕ್ಕಿಗೆ ಇದೆ.

ಸುಮ್ನೆ ಗಳ ಕಡಿದು ಮಾರಿದರೆ ಕೂಲಿಯೂ ಹುಟ್ಟುವುದಿಲ್ಲ ಅನ್ನುವುದು ನಿಜ. ಕಾಸು ಇರುವುದು ಹದ ಮಾಡುವುದರಲ್ಲಿ. ಸಂಸ್ಕರಿಸದ ಬಿದಿರನ್ನು ಮಣ್ಣಿಗೆ ನೆಟ್ಟರೆ ಎರಡು ಮೂರು ವರ್ಷಕ್ಕೆ ಬುಡ ಕೊಳೆಯುತ್ತದೆ. ಅದನ್ನೇ ಬಲಿತ ಮೇಲೆ ಕಡಿದು, ಗಿಣ್ಣು ತೂತು ಮಾಡಿ, ಬೊರಾಕ್ಸ್ ಮತ್ತು ಬೋರಿಕ್ ಆಸಿಡ್ ನೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಕಲ್ಲಿನ ಪಾದದ ಮೇಲೆ ನಿಲ್ಲಿಸಿ, ಮಳೆ ತಾಗದ ಹಾಗೆ ಸೂರು ಚಾಚಿದರೆ ಹದಿನೈದು ವರ್ಷಕ್ಕೂ ಮೀರಿ ಬಾಳುತ್ತದೆ. ಬಿದಿರು ಚಾಪೆಯನ್ನು ಒತ್ತಿ ಚಾವಣಿ ಶೀಟು ಮಾಡುವ ವಿಧಾನವನ್ನು ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆ ಯಾವತ್ತೋ ಮಾಡಿ ತೋರಿಸಿದೆ. ದಬ್ಬೆ ಸೀಳುವ ಕೈ ಇಲ್ಲಿದೆ, ಮೆಳೆ ಇಲ್ಲಿದೆ. ನಡುವೆ ಇಲ್ಲದಿರುವುದು ಒಂದು ತೊಟ್ಟಿ, ಒಂದು ಶೆಡ್ಡು, ಒಂದು ಹಕ್ಕುಪತ್ರ. ಇವು ಬಂದರೆ ನಾಳೆಯೇ ಬಾಲ್ಯವಿವಾಹ ನಿಲ್ಲುತ್ತದೆ ಅನ್ನುವಷ್ಟು ಪೆದ್ದ ನಾನಲ್ಲ. ಆದರೆ ಅಪ್ಪ ಅಮ್ಮ ಊರಲ್ಲೇ ಉಳಿದ ಮನೆಯಲ್ಲಿ ಹುಡುಗಿ ಹತ್ತನೇ ಕ್ಲಾಸು ಮುಗಿಸುವುದನ್ನು ನೋಡಿದ್ದೇನೆ.

ಅಲ್ಲಿಯವರೆಗೆ ಕೈಯಲ್ಲಿರುವ ಅಸ್ತ್ರ ಕಾಯ್ದೆಯ 13ನೇ ಕಲಂ. ಬಾಲ್ಯವಿವಾಹ ನಡೆಯಲಿದೆ ಅಂತ ಗೊತ್ತಿರುವ ಯಾರು ಬೇಕಾದರೂ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು. ನೆಂಟರಾಗಿರಬೇಕಿಲ್ಲ. ತುರ್ತು ಇದ್ದರೆ ಎದುರಿನವರಿಗೆ ನೋಟಿಸ್ ಕೊಡದೆಯೂ ತಡೆಯಾಜ್ಞೆ ಹೊರಡಿಸಬಹುದು. ಆಜ್ಞೆ ಬಂದ ಮೇಲೆ ತಾಳಿ ಕಟ್ಟಿದರೆ ತಮಿಳುನಾಡಿನಲ್ಲೂ ಆ ಮದುವೆ ಅಸಿಂಧು, ಕರ್ನಾಟಕದ ಹಾಗೆಯೇ. ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಫೋನ್ ಸಾಕು. ಅಕ್ಷಯ ತದಿಗೆಯಂಥ ದಿನಗಳಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟರೇ ಬಾಲ್ಯವಿವಾಹ ನಿಷೇಧ ಅಧಿಕಾರಿ. ನಮ್ಮ ಕಡೆ ಅದು ಬಸವ ಜಯಂತಿಯೂ ಹೌದು, ಒಂದೇ ದಿನ ನಾಲ್ಕು ಬೀದಿಯಲ್ಲಿ ಚಪ್ಪರ ಎದ್ದಿರುತ್ತದೆ.

ಎಲ್ಲ ಹಾಲುಗಂಬ ನೆಡುವ ಮೊದಲೇ ಆಗಬೇಕು. ಆಮೇಲೆ ನೆಂಟರು ಬಂದಿರುತ್ತಾರೆ, ಅನ್ನ ಬೆಂದಿರುತ್ತದೆ, ಯಾವ ಪೊಲೀಸಿನವರಿಗೂ ಮನಸ್ಸು ಬರುವುದಿಲ್ಲ. ಹಾಲುಗಂಬಕ್ಕೆ ಮೊದಲೇ ಯಾರಿಗೆ ಗೊತ್ತಿರುತ್ತದೆ? ಅಡುಗೆಯವರಿಗೆ, ವಾಲಗದವರಿಗೆ, ಹೂವಿನವರಿಗೆ. ಎಲ್ಲರಿಗಿಂತ ಮೊದಲು ಬೊಂಬಿನವನಿಗೆ. ಗೊತ್ತಿದ್ದೂ ನೆರವಾದರೆ 10ನೇ ಕಲಂ ಅವನನ್ನೂ ಹಿಡಿಯಬಹುದು. ಇದನ್ನು ಹೇಳಿದಾಗ ಚಪ್ಪರದಣ್ಣ ನಕ್ಕ. "ಫೋನ್ ಮಾಡುದ್ರೆ ಆ ಊರಲ್ಲಿ ಇನ್ನೊಂದ್ ಚಪ್ಪರ ಹಾಕ್ಸಾರಾ ಸಾ ನನ್ ಕೈಲಿ?" ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಮಾಹಿತಿ ಕೊಟ್ಟವರ ಹೆಸರು ಸಂಜೆಯೊಳಗೆ ಟೀ ಅಂಗಡಿಗೆ ಬಂದುಬಿಡುವ ಊರು ನಮ್ಮದು.

ಹೋದ ಸಲ ಸಿಕ್ಕಾಗ ನೋಟ್‌ಬುಕ್ ತೋರಿಸು ಅಂದೆ. ಪುಟ ತಿರುಗಿಸುತ್ತಾ ಹೋದ. ಒಂದು ಸಾಲಿನ ಮೇಲೆ ಅಡ್ಡಗೆರೆ ಎಳೆದಿತ್ತು. ಬೊಂಬು 40, ಅಡ್ವಾನ್ಸ್ 500, ಪಕ್ಕದಲ್ಲಿ ವಾಪಸ್ ಅಂತ ಬರೆದಿತ್ತು.

ಇದೇನಣ್ಣ ಅಂದೆ.

"ಅಳತೆ ಹಾಕಕ್ಕೆ ಹೋಗಿದ್ನಲ್ಲ ಸಾ. ಹುಡ್ಗಿ ಜಗ್ಲಿ ಮೇಲ್ ಕೂತ್ಕಂಡು ಲೆಕ್ಕ ಮಾಡ್ತಿತ್ತು. ಎಷ್ಟ್ನೇ ಕ್ಲಾಸವ್ವ ಅಂದೆ. ಒಂಬತ್ತು ಅಂತು. ಬೊಂಬು ಖಾಲಿ ಇಲ್ಲ ಅಂದ್ಬುಟ್ಟು ದುಡ್ಡು ವಾಪಸ್ ಕೊಟ್ಟೆ."

"ಮದುವೆ ನಿಂತಿತಾ?"

ಅವನು ನೋಟ್‌ಬುಕ್ ಮಡಚಿ ಜೇಬಿಗೆ ಹಾಕಿಕೊಂಡ.

"ಎಲ್ ನಿಂತ್ಕಂಡದು ಸಾ. ಆ ಕಡೆಯಿಂದ ಕಬ್ಬಿಣದ್ ಪೈಪಿನ ಶಾಮಿಯಾನ ತರುಸ್ಕಂಡ್ರು. ಅದುಕ್ಕೆ ಪಾಸೂ ಬೇಡ."